‘ನೇಟಿವ್ ಟೀಚರ್’ ಬೋರ್ಡಿನ ಹಿಂದೆ

ಮಹಾರಾಷ್ಟ್ರದಲ್ಲಿ ಮಕ್ಕಳನ್ನು ಓದಿಸುತ್ತಿರುವವರಿಗೆ 2025ರಲ್ಲಿ ಭಾಷೆ ಮತ್ತು ಶಿಕ್ಷಕರ ಸುದ್ದಿಗಳು ಒಂದರ ಬೆನ್ನಿಗೊಂದು ಬಂದವು. ಏಪ್ರಿಲ್ 16ಕ್ಕೆ ಒಂದನೇ ತರಗತಿಯಿಂದಲೇ ಹಿಂದಿ ಎಂಬ ಆದೇಶ ಹೊರಟಿತು. ಗಲಾಟೆಯಾಗಿ ಜೂನ್ 17ಕ್ಕೆ ಅದನ್ನು ತಿದ್ದಿದರು, ಜೂನ್ 29ಕ್ಕೆ ಎರಡನ್ನೂ ಹಿಂದಕ್ಕೆ ಪಡೆದರು. ಸೆಪ್ಟೆಂಬರ್ 1ಕ್ಕೆ ಸುಪ್ರೀಂ ಕೋರ್ಟು, ಒಂದರಿಂದ ಎಂಟನೇ ತರಗತಿಗೆ ಕಲಿಸುವವರಲ್ಲಿ ನಿವೃತ್ತಿಗೆ ಹತ್ತಿರವಾದವರನ್ನು ಬಿಟ್ಟು ಉಳಿದವರು ಹಳಬರಾಗಿದ್ದರೂ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಪಾಸಾಗಿರಬೇಕು ಎಂದಿತು. ಈ ನಡುವೆ ವಿದೇಶಿ ವಿಶ್ವವಿದ್ಯಾಲಯಗಳು ಮುಂಬೈ, ನವಿ ಮುಂಬೈಗೆ ಬರುತ್ತವೆ ಎಂಬ ಸುದ್ದಿಯೂ ಬಂತು.

ಇವುಗಳ ಪಕ್ಕದಲ್ಲೇ ಮೊಬೈಲಿನಲ್ಲಿ ಇನ್ನೊಂದು ಜಾಹೀರಾತು ಕಾಣಿಸುತ್ತದೆ: ನಮ್ಮಲ್ಲಿ ಇಂಗ್ಲಿಷ್ ಕಲಿಸುವವರು ‘ನೇಟಿವ್ ಸ್ಪೀಕರ್’ಗಳು, ಎಂದರೆ ಇಂಗ್ಲಿಷನ್ನೇ ತಾಯ್ನುಡಿಯಾಗಿ ಆಡುವವರು. ತಂದೆತಾಯಿಗೆ ತಲೆ ಕೆಡುವುದು ಇಲ್ಲೇ. ಇಪ್ಪತ್ತು ವರ್ಷ ಪಾಠ ಮಾಡಿದವರೂ ಮತ್ತೆ ಪರೀಕ್ಷೆಗೆ ಕೂರಬೇಕು ಎನ್ನುತ್ತದೆ ಕಾನೂನು. ಇಂಗ್ಲಿಷ್ ಮಾತಾಡುವ ದೇಶದಲ್ಲಿ ಹುಟ್ಟಿದ್ದೇ ದೊಡ್ಡ ಅರ್ಹತೆ ಎನ್ನುತ್ತದೆ ಮಾರುಕಟ್ಟೆ. ಹಾಗಾದರೆ ಇಂಗ್ಲಿಷ್ ಕಲಿಸಲು ಬೇಕಾದದ್ದು ಏನು?

ನೇಟಿವ್ ಅಂದರೆ ಯಾರು?

2011ರ ಜನಗಣತಿಯಲ್ಲಿ ಇಂಗ್ಲಿಷ್ ನಮ್ಮ ತಾಯ್ನುಡಿ ಎಂದು ಬರೆಸಿದವರು ಇಡೀ ದೇಶದಲ್ಲಿ ಸುಮಾರು 2.6 ಲಕ್ಷ. ಅವರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಮಹಾರಾಷ್ಟ್ರದವರು. ಬೇರಾವ ರಾಜ್ಯದಲ್ಲೂ ಇಷ್ಟು ಜನ ಹಾಗೆ ಬರೆಸಿಲ್ಲ. ಬಾಂದ್ರಾದ ಈಸ್ಟ್ ಇಂಡಿಯನ್ (ಮುಂಬೈಯ ಸ್ಥಳೀಯ ಕ್ಯಾಥೊಲಿಕರ) ಮನೆಗಳು, ಮುಂಬೈಗೆ ಬಂದು ನೆಲೆಸಿದ ಗೋವಾದ ಕುಟುಂಬಗಳು, ಭಾಯ್ಖಳಾದ ಆಂಗ್ಲೋ-ಇಂಡಿಯನ್ನರು ಇಂಥವರನ್ನು ನೆನೆದರೆ ಇದರಲ್ಲಿ ಅಚ್ಚರಿಯಿಲ್ಲ. ಮುಂಬೈಯ ಕಾನ್ವೆಂಟುಗಳಲ್ಲಿ ತಲೆಮಾರುಗಳ ಕಾಲ ಇಂಗ್ಲಿಷ್ ಕಲಿಸಿದ ‘ಮಿಸ್’ಗಳು ಬಹುಪಾಲು ಇಂಥ ಮನೆಗಳಿಂದಲೇ ಬಂದವರು.

ಮನೆಮಾತು ಇಂಗ್ಲಿಷ್ ಆಗಿರುವುದೇ ಅಳತೆಯಾದರೆ ಇವರೂ ನೇಟಿವ್. ಆದರೆ ಜಾಹೀರಾತಿನವರು ಇವರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಲ್ಲಿ ಆ ಪದದ ಅರ್ಥ ಪಾಸ್‌ಪೋರ್ಟು, ಅನೇಕ ಸಲ ಮೈಬಣ್ಣ ಕೂಡ. ದಕ್ಷಿಣ ಕೊರಿಯಾ ಇದನ್ನು ನಿಯಮದಲ್ಲೇ ಬರೆದಿಟ್ಟಿದೆ. ಅಲ್ಲಿ ಇಂಗ್ಲಿಷ್ ಬೋಧಕರಿಗೆ ಕೊಡುವ ಇ-2 ವೀಸಾಕ್ಕೆ ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಈ ಏಳು ದೇಶಗಳ ನಾಗರಿಕರಾಗಿರಬೇಕು. ಭಾರತದ ಜೊತೆ ಆದ ವ್ಯಾಪಾರ ಒಪ್ಪಂದದಿಂದ ನಮ್ಮವರಿಗೂ ಒಂದು ಕಿರುಬಾಗಿಲು ತೆರೆದಿದೆ, ಅದೂ ಶಿಕ್ಷಕ ಅರ್ಹತೆ ತೋರಿಸಿದರೆ ಸಹಾಯಕ ಶಿಕ್ಷಕರಾಗಿ. ಏಳು ದೇಶದವರಿಗೆ ಶಿಕ್ಷಕ ಲೈಸೆನ್ಸಿಲ್ಲದೆ ಪದವಿಯಷ್ಟೇ ಸಾಕು. ಎಂದರೆ ಒಬ್ಬರಿಗೆ ಹುಟ್ಟು ನೋಡುತ್ತಾರೆ, ಇನ್ನೊಬ್ಬರಿಗೆ ಓದು ನೋಡುತ್ತಾರೆ.

ಕನ್ನಡದವರಿಗೆ ಈ ವಾದ ವಿಚಿತ್ರವಾಗಿ ಕಾಣಬೇಕು. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು. ಕನ್ನಡ-ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಕೊಟ್ಟ ಕಿಟ್ಟೆಲ್ ಜರ್ಮನಿಯವರು. ಮುಂಬೈಯ ಕನ್ನಡ ಶಾಲೆಗಳಲ್ಲಿ ಕಲಿತವರಲ್ಲೂ ಕಲಿಸಿದವರಲ್ಲೂ ಮನೆಯಲ್ಲಿ ತುಳು ಆಡುವವರೇ ಎಷ್ಟೋ ಮಂದಿ. ಇವರು ಕನ್ನಡದ ನೇಟಿವ್ ಹೌದೋ ಅಲ್ಲವೋ ಎಂದು ಯಾರೂ ಕೇಳಲಿಲ್ಲ.

ಈ ನಂಬಿಕೆಗೆ ಒಂದು ಇತಿಹಾಸವಿದೆ

1961ರಲ್ಲಿ ಉಗಾಂಡದ ಮಕೆರೆರೆಯಲ್ಲಿ ಕಾಮನ್‌ವೆಲ್ತ್ ದೇಶಗಳ ಇಂಗ್ಲಿಷ್ ಬೋಧನೆಯ ಸಮ್ಮೇಳನ ನಡೆಯಿತು. ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಕಲಿಸಬೇಕು, ಆದಷ್ಟು ಚಿಕ್ಕ ವಯಸ್ಸಿಗೇ ಶುರುಮಾಡಬೇಕು, ನೇಟಿವ್ ಶಿಕ್ಷಕರೇ ಆದರ್ಶ ಎಂಬ ನಂಬಿಕೆಗಳು ಅಲ್ಲಿಂದ ಗಟ್ಟಿಯಾದವು. ಮೂರು ದಶಕದ ನಂತರ, 1992ರಲ್ಲಿ, ಭಾಷಾವಿದ್ವಾಂಸ ರಾಬರ್ಟ್ ಫಿಲಿಪ್ಸನ್ ಇವನ್ನು ಒಂದೊಂದಾಗಿ ಎತ್ತಿಕೊಂಡು ಭ್ರಮೆಗಳೆಂದು ಕರೆದರು. ಸುಮಾರು ಅದೇ ಹೊತ್ತಿಗೆ ಹಂಗೇರಿಯ ಪೀಟರ್ ಮೆಡ್ಜೆಶ್ ಮಧ್ಯದ ಹಾದಿಯ ಮಾತಾಡಿದರು. ನೇಟಿವ್ ಶಿಕ್ಷಕರ ಕೈಯಲ್ಲಿ ಭಾಷೆ ಇದೆ, ಇತರರ ಕೈಯಲ್ಲಿ ಆ ಭಾಷೆಯನ್ನು ಕಲಿತ ಅನುಭವ ಇದೆ, ಎರಡೂ ಬಂಡವಾಳವೇ ಎಂಬುದು ಅವರ ನಿಲುವು. ಇಂಗ್ಲಿಷ್ ಬೋಧಕರ ಅಂತರರಾಷ್ಟ್ರೀಯ ಸಂಘವಾದ ಟೀಸಾಲ್ 2006ರಲ್ಲಿ ಇಂಥ ತಾರತಮ್ಯ ಸಲ್ಲದೆಂದು ಹೇಳಿಕೆಯನ್ನೇ ಹೊರಡಿಸಿತು. ಪಂಡಿತರ ಮಟ್ಟದಲ್ಲಿ ವಿಷಯ ಬಹುಮಟ್ಟಿಗೆ ಇತ್ಯರ್ಥವಾಗಿದೆ. ಮಾರುಕಟ್ಟೆಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಅವರಿಂದ ಸಿಗುವುದೂ ಇದೆ

ನೇಟಿವ್ ಶಿಕ್ಷಕರಿಂದ ಲಾಭವೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಯಾವ ಪದದ ಜೊತೆ ಯಾವ ಪದ ಕೂರುತ್ತದೆ, ಯಾವ ಮಾತು ವ್ಯಾಕರಣಕ್ಕೆ ಸರಿಯಿದ್ದರೂ ಯಾರೂ ಹಾಗೆ ಆಡುವುದಿಲ್ಲ, ಯಾವ ವಿನಂತಿ ಒರಟಾಗಿ ಕೇಳಿಸುತ್ತದೆ ಎಂಬುದು ಅವರಿಗೆ ತಡವರಿಸದೆ ಗೊತ್ತಾಗುತ್ತದೆ. ತರಗತಿಯಲ್ಲಿ ಕನ್ನಡ, ಮರಾಠಿ, ಹಿಂದಿ ಯಾವುದೂ ನಡೆಯದ ಕಾರಣ ಮಕ್ಕಳು ಇಂಗ್ಲಿಷಿನಲ್ಲೇ ಬಾಯಿ ಬಿಡಬೇಕಾಗುತ್ತದೆ. ಆಗಲೇ ಸುಮಾರಾಗಿ ಮಾತಾಡಬಲ್ಲವರಿಗೆ ಇದು ದೊಡ್ಡ ಲಾಭ.

ಆದರೆ ಆರೇಳು ವರ್ಷದ ಮಗುವಿನ ತಪ್ಪು ಬೇರೆ ಜಾತಿಯದು. ಅದರ ಬೇರು ಇಂಗ್ಲಿಷಿನಲ್ಲಿರುವುದಿಲ್ಲ, ಮನೆಯ ಮಾತಿನಲ್ಲಿರುತ್ತದೆ.

ತಪ್ಪು ಹುಟ್ಟುವ ಜಾಗ

‘ಎ’ ಮತ್ತು ‘ದ’ ತೆಗೆದುಕೊಳ್ಳಿ. ಕನ್ನಡದಲ್ಲಿ ಇಂಥ ಪದಗಳೇ ಇಲ್ಲ, ಹಾಗಾಗಿ ಮಕ್ಕಳು ಇವನ್ನು ನುಂಗುತ್ತಾರೆ, ಇಲ್ಲವೇ ಸಿಕ್ಕಲ್ಲೆಲ್ಲ ‘ದ’ ಸುರಿಯುತ್ತಾರೆ. ‘ಇಲ್ಲಿ ದ ಬರಬೇಕು, ಇಲ್ಲದಿದ್ದರೆ ಕಿವಿಗೆ ಹಿಡಿಸುವುದಿಲ್ಲ’ ಎಂದು ನೇಟಿವ್ ಶಿಕ್ಷಕರು ಹೇಳಬಹುದು. ಮಗುವಿಗೆ ಆ ಕಿವಿಯೇ ಇನ್ನೂ ಬಂದಿಲ್ಲವಲ್ಲ! ಕನ್ನಡ ಬಲ್ಲ ಶಿಕ್ಷಕರು ಬೇರೆ ದಾರಿ ಹಿಡಿಯಬಲ್ಲರು. ‘ನಿನ್ನೆ ಪುಸ್ತಕ ಓದಿದೆ’ ಅಂದರೆ ಯಾವುದೋ ಪುಸ್ತಕ. ‘ಪುಸ್ತಕವನ್ನು ಓದಿದೆ’ ಅಂದರೆ ನಿನಗೂ ನನಗೂ ಗೊತ್ತಿರುವ ಆ ಪುಸ್ತಕ. ನಮ್ಮ ‘ಅನ್ನು’ ಮಾಡುವ ಈ ಕೆಲಸದ ಒಂದು ಪಾಲನ್ನು ಇಂಗ್ಲಿಷಿನಲ್ಲಿ ‘ದ’ ಮಾಡುತ್ತದೆ ಎಂದರೆ ಎರಡು ನಿಮಿಷದಲ್ಲಿ ಹೊಳೆಯುತ್ತದೆ. ಇದಕ್ಕೆ ಮಿತಿಯಿದೆ. ‘ಅನ್ನು’ ಕರ್ಮಕ್ಕೆ ಮಾತ್ರ ಹತ್ತುತ್ತದೆ, ವಾಕ್ಯದ ಮೊದಲಿಗೆ ಬರುವ ‘ದ ಸನ್’, ‘ದ ಟೀಚರ್’ಗೆ ಈ ಉಪಾಯ ನಡೆಯುವುದಿಲ್ಲ. ಮನುಷ್ಯರ ಹೆಸರಿಗಂತೂ ‘ಅನ್ನು’ ಹೇಗೂ ಬೇಕು. ಮಿತಿ ಎಲ್ಲಿದೆ ಎಂದು ಹೇಳದೆ ಬಿಟ್ಟರೆ ಮಗು ಮುಂದಿನ ವಾರ ಹೊಸ ತಪ್ಪು ಹೊತ್ತು ತರುತ್ತದೆ.

ಇನ್ನೊಂದು, ‘ಊಟ ಮಾಡಿಲ್ವಾ?’ ಎಂದು ಕೇಳಿದರೆ ನಾವು ‘ಹೌದು, ಮಾಡಿಲ್ಲ’ ಅನ್ನುತ್ತೇವೆ. ಕೇಳಿದವರ ಮಾತಿಗೆ ನಮ್ಮ ‘ಹೌದು’. ಇಂಗ್ಲಿಷಿನಲ್ಲಿ ನಡೆದ ಸಂಗತಿಗೆ ಉತ್ತರ, ಆದ್ದರಿಂದ ‘ನೋ’. ಕನ್ನಡದ ಲೆಕ್ಕದಲ್ಲಿ ‘ಎಸ್’ ಎಂದಷ್ಟೇ ಹೇಳಿ ಸುಮ್ಮನಾದರೆ ಎದುರಿನವರು ಊಟ ಆಗಿದೆ ಎಂದೇ ತಿಳಿಯುತ್ತಾರೆ. ಹೋಟೆಲಿನ ರಿಸೆಪ್ಶನ್ನಿನಲ್ಲಿ, ಸಂದರ್ಶನದಲ್ಲಿ, ಕಾಲ್ ಸೆಂಟರಿನಲ್ಲಿ ನಿಜವಾಗಿ ಎಡವಟ್ಟಾಗುವುದು ಇಂಥದ್ದರಿಂದ. ‘ಅಲ್ವಾ’ದ ಕಥೆಯೂ ಹಾಗೆಯೇ. ನಮಗೆ ಎಲ್ಲ ವಾಕ್ಯದ ತುದಿಗೂ ಒಂದೇ ‘ಅಲ್ವಾ’ ಸಾಕು. ಅದನ್ನೇ ಇಂಗ್ಲಿಷಿಗೆ ಒಯ್ದಾಗ ‘ಯೂ ಆರ್ ಕಮಿಂಗ್, ಇಸಂಟ್ ಇಟ್’ ಹುಟ್ಟುತ್ತದೆ. ಮರಾಠಿಯ ‘ನಾ’ ಕೂಡ ಇದೇ ಕೆಲಸ ಮಾಡುವುದರಿಂದ ಮುಂಬೈ, ಪುಣೆಯ ಮಗುವಿಗೆ ಎರಡು ಕಡೆಯಿಂದಲೂ ಒತ್ತಡ.

ಸದ್ದಿನ ವಿಚಾರದಲ್ಲಿ ಒಂದು ಸುಲಭದ ಪ್ರಯೋಗವಿದೆ. ಎರಡು ಬೆರಳಗಲದ ತೆಳು ಕಾಗದದ ಪಟ್ಟಿಯನ್ನು ಬಾಯಿಯ ಮುಂದೆ ಹಿಡಿದು ‘ಪಿನ್’ ಅನ್ನಿ. ಇಂಗ್ಲೆಂಡಿನವರು ಹೇಳಿದರೆ ಕಾಗದ ಅಲುಗುತ್ತದೆ, ನಾವು ಹೇಳಿದರೆ ಅಲುಗುವುದಿಲ್ಲ. ಪದದ ಮೊದಲಿಗೆ ಬರುವ ಅವರ ‘ಪ’ದಲ್ಲಿ ಉಸಿರು ಇದೆ, ನಮ್ಮದರಲ್ಲಿ ಇಲ್ಲ. ಅದಕ್ಕೇ ನಾವು ‘ಪಿನ್’ ಎಂದದ್ದು ಅವರ ಕಿವಿಗೆ ಕೆಲವೊಮ್ಮೆ ‘ಬಿನ್’ ಆಗುತ್ತದೆ. ‘ಸ್ಪಿನ್’ ಎಂದಾಗ ಅವರ ಕಾಗದವೂ ಅಲುಗದು. ನೇಟಿವ್ ಆದ ಮಾತ್ರಕ್ಕೆ ಇದು ಗೊತ್ತಿರುವುದಿಲ್ಲ, ಏಕೆಂದರೆ ಉಸಿರಿರುವ ‘ಪ’, ಉಸಿರಿಲ್ಲದ ‘ಪ’ ಎರಡೂ ಅವರಿಗೆ ಒಂದೇ ಅಕ್ಷರ. ಅಲ್ಪಪ್ರಾಣ, ಮಹಾಪ್ರಾಣ ಎಂದು ಒಂದನೇ ಇಯತ್ತೆಯಲ್ಲೇ ಬೇರೆಬೇರೆ ಬರೆಯುವ ನಮಗೆ ಅದನ್ನು ವಿವರಿಸುವುದು ಸುಲಭ. ‘ಝೂ’ ಎನ್ನಬೇಕಾದಲ್ಲಿ ‘ಜೂ’ ಎನ್ನುವ ಕನ್ನಡದ ಮಗುವಿಗೆ ಮರಾಠಿಯ ‘ಮಾಝಾ’ದ ಸದ್ದನ್ನು ನೆನಪಿಸಬಹುದು. ಪೂರ್ತಿ ಅದೇ ಅಲ್ಲ, ಆದರೆ ನಾಲಿಗೆ ಹತ್ತಿರದ ಜಾಗಕ್ಕೆ ಬರುತ್ತದೆ. ದಾದರ್ ಸ್ಟೇಷನ್ನಿನಲ್ಲಿ ದಿನಾ ಕಿವಿಗೆ ಬೀಳುವ ಈ ಸದ್ದು ಬೆಂಗಳೂರಿನ ಮಗುವಿಗೆ ಅಷ್ಟು ಸುಲಭಕ್ಕೆ ಸಿಗದು.

ಹಗಲು ಹೋಟೆಲಿನಲ್ಲಿ ದುಡಿದು ಮುಂಬೈಯ ಫೋರ್ಟಿನ ಕನ್ನಡ ರಾತ್ರಿ ಶಾಲೆಗಳಿಗೆ ಹೋಗುತ್ತಿದ್ದ ಹುಡುಗರು ಇಂಗ್ಲಿಷ್ ಕಲಿತದ್ದೂ ಹೀಗೆ ಕನ್ನಡದಲ್ಲಿ ಬಿಡಿಸಿ ಹೇಳುವ ಮೇಷ್ಟ್ರುಗಳಿಂದಲೇ.

ಎಂ.ಟಿ.ಐ. ಎಂಬ ಗುಮ್ಮ

ಮುಂಬೈ, ಪುಣೆಯ ಕಾಲ್ ಸೆಂಟರ್ ತರಬೇತಿಯಲ್ಲಿ ‘ಎಂ.ಟಿ.ಐ. ಇದೆ’ ಎಂದರೆ ತಾಯ್ನುಡಿಯ ಛಾಯೆ ಇದೆ ಎಂದರ್ಥ. ಅದೊಂದು ಕಾಯಿಲೆಯ ಹೆಸರಿನಂತೆ ಬಳಕೆಯಾಗುತ್ತದೆ. ಇಲ್ಲಿ ಎರಡು ಬೇರೆ ಸಂಗತಿಗಳು ಕಲಸಿಹೋಗಿವೆ: ಮಾತಿನಲ್ಲಿ ಊರಿನ ವಾಸನೆ ಇರುವುದು ಒಂದು, ಮಾತು ಅರ್ಥವಾಗದೆ ಹೋಗುವುದು ಇನ್ನೊಂದು. ಹೈದರಾಬಾದಿನ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್‌ನ ಆರ್.ಕೆ. ಬನ್ಸಲ್ 1960ರ ದಶಕದಲ್ಲಿ ಭಾರತೀಯರ ಇಂಗ್ಲಿಷ್ ಹೊರಗಿನವರಿಗೆ ಎಲ್ಲಿ ಅರ್ಥವಾಗುವುದಿಲ್ಲ ಎಂದು ಪರೀಕ್ಷಿಸಿ ನೋಡಿದ್ದರು. ಮುಖ್ಯ ಕಾರಣಗಳಲ್ಲಿ ಒಂದು ಪದದೊಳಗಿನ ಒತ್ತು ತಪ್ಪಾದ ಜಾಗಕ್ಕೆ ಬೀಳುವುದು. ‘ಫೋಟೋಗ್ರಾಫ್’ನಲ್ಲಿ ಒತ್ತು ಮೊದಲಿಗೆ, ‘ಫೋಟೋಗ್ರಫಿ’ಯಲ್ಲಿ ಎರಡನೆಯದಕ್ಕೆ, ‘ಫೋಟೋಗ್ರಾಫಿಕ್’ನಲ್ಲಿ ಮೂರನೆಯದಕ್ಕೆ. ಕನ್ನಡ ಹೆಚ್ಚುಕಡಿಮೆ ಎಲ್ಲ ಅಕ್ಷರಕ್ಕೂ ಸಮನಾದ ಹೊತ್ತು ಕೊಡುವ ಭಾಷೆಯಾದ್ದರಿಂದ ನಾವು ಮೂರನ್ನೂ ಒಂದೇ ತಾಳದಲ್ಲಿ ಹೇಳಿಬಿಡುತ್ತೇವೆ. ತಿದ್ದಬೇಕಾದದ್ದು ಇದನ್ನು. ‘ಥಿಂಕ್’ ಅನ್ನುವಾಗ ನಾಲಿಗೆ ಹಲ್ಲಿನ ನಡುವೆ ಬಂತೋ ಇಲ್ಲವೋ ಎಂದು ವಾರಗಟ್ಟಲೆ ಕೂರುವ ಅಗತ್ಯವಿಲ್ಲ. ಆ ಸದ್ದು ಇಲ್ಲದೆಯೂ ಜಗತ್ತಿನಲ್ಲಿ ಕೋಟ್ಯಂತರ ಜನ ಇಂಗ್ಲಿಷಿನಲ್ಲಿ ವ್ಯವಹಾರ ನಡೆಸುತ್ತಿದ್ದಾರೆ.

ಅಂದಹಾಗೆ, ಅದೇ ಸಂಸ್ಥೆಯನ್ನು ಆ ದಶಕದಲ್ಲಿ ನಡೆಸಿದವರು ವಿ.ಕೃ. ಗೋಕಾಕರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿ, ಸಾಂಗ್ಲಿಯಲ್ಲಿ ಪ್ರಿನ್ಸಿಪಾಲರಾಗಿದ್ದವರು. ಮುಂದೆ ಕನ್ನಡಕ್ಕೆ ಪ್ರಥಮ ಭಾಷೆಯ ಸ್ಥಾನ ಬೇಕೆಂದ ವರದಿಯೂ ಅವರ ಹೆಸರಲ್ಲೇ ಇದೆ.

ಪರೀಕ್ಷೆ ನಡೆಸುವವರೂ ಈಗ ದಾರಿ ಬದಲಿಸಿದ್ದಾರೆ. ವಿದೇಶಕ್ಕೆ ಓದಲು, ದುಡಿಯಲು ಹೋಗುವವರು ಕೊಡುವ ಇಂಗ್ಲಿಷ್ ಪರೀಕ್ಷೆಯಾದ ಐಇಎಲ್‌ಟಿಎಸ್‌ನ ಸ್ಪೀಕಿಂಗ್ ಪರೀಕ್ಷೆ 11ರಿಂದ 14 ನಿಮಿಷ. ನಿರರ್ಗಳತೆ, ಪದಸಂಪತ್ತು, ವ್ಯಾಕರಣ, ಉಚ್ಚಾರ ನಾಲ್ಕಕ್ಕೂ ಸಮಪಾಲು. ಉಚ್ಚಾರದಲ್ಲೂ ನೋಡುವುದು ಕೇಳುವವರಿಗೆ ಎಷ್ಟು ಸಲೀಸಾಗಿ ಅರ್ಥವಾಗುತ್ತದೆ ಎಂಬುದನ್ನು. ಭಾಷಾಮಟ್ಟ ಅಳೆಯುವ ಯುರೋಪಿನ ಚೌಕಟ್ಟು ಕೂಡ 2018ರ ಪರಿಷ್ಕರಣೆಯಲ್ಲಿ ‘ನೇಟಿವ್ ಸ್ಪೀಕರ್’ ಎಂಬ ಅಳತೆಗೋಲನ್ನು ಕೈಬಿಟ್ಟಿತು.

ನಮ್ಮವರ ಪರವಾದ ವಾದದ ತೂತು

ಇಷ್ಟು ಓದಿ, ಹಾಗಾದರೆ ಇರುವ ಶಿಕ್ಷಕರೇ ಸಾಕು ಎಂದುಕೊಂಡರೆ ಅದು ಇನ್ನೊಂದು ತಪ್ಪು. ಮಗುವಿನ ಭಾಷೆ ಬರುವುದು ಅನುಕೂಲ ಹೌದು, ಆದರೆ ಶಿಕ್ಷಕರಿಗೆ ಇಂಗ್ಲಿಷೂ ಬರಬೇಕು. ಮಹಾರಾಷ್ಟ್ರ 2000ದಲ್ಲಿ ಎಲ್ಲ ಮಾಧ್ಯಮದ ಶಾಲೆಗಳಲ್ಲೂ ಒಂದನೇ ಇಯತ್ತೆಯಿಂದ ಇಂಗ್ಲಿಷ್ ತಂದಿತು. ಪ್ರಾಥಮಿಕದಲ್ಲಿ ಒಬ್ಬರೇ ಶಿಕ್ಷಕರು ಎಲ್ಲ ವಿಷಯ ನೋಡಿಕೊಳ್ಳುವ ಪದ್ಧತಿ. ಇಂಗ್ಲಿಷಿನಲ್ಲಿ ಹತ್ತು ನಿಮಿಷ ಮಾತಾಡುವ ಅವಕಾಶವೇ ಬಂದಿರದ ಸಾವಿರಾರು ಮಂದಿ ರಾತ್ರೋರಾತ್ರಿ ಇಂಗ್ಲಿಷ್ ಶಿಕ್ಷಕರಾದರು. ಆಮೇಲೆ ಬಂದ ‘ಸೆಮಿ ಇಂಗ್ಲಿಷ್’ನಲ್ಲಿ ಗಣಿತ, ವಿಜ್ಞಾನವನ್ನೂ ಇಂಗ್ಲಿಷಿನಲ್ಲಿ ಹೇಳಬೇಕಾಯಿತು.

ಇದರ ಫಲ ತರಗತಿಯಲ್ಲಿ ಕಾಣುತ್ತದೆ. ಪುಸ್ತಕದ ಒಂದು ಸಾಲು ಓದುವುದು, ಅದರ ಅರ್ಥ ಮರಾಠಿಯಲ್ಲೋ ಕನ್ನಡದಲ್ಲೋ ಹೇಳುವುದು, ಕೊನೆಗೆ ಗೈಡಿನ ಪ್ರಶ್ನೋತ್ತರ ಬೋರ್ಡಿಗೆ ಇಳಿಸುವುದು. ಮಗುವಿಗೆ ಎರಡು ವಾರದಲ್ಲಿ ಗುಟ್ಟು ತಿಳಿಯುತ್ತದೆ: ಇಂಗ್ಲಿಷ್ ಸಾಲಿಗೆ ಕಿವಿ ಕೊಡಬೇಕಾಗಿಲ್ಲ, ಅರೆ ನಿಮಿಷ ಕಾದರೆ ಅರ್ಥ ತಾನಾಗಿ ಬರುತ್ತದೆ. ಮೇಲೆ ಹೇಳಿದ ‘ಅನ್ನು’ ಉಪಾಯದಲ್ಲೂ ಇಲ್ಲೂ ಬಳಸಿದ್ದು ಮಗುವಿನ ಮಾತೇ. ಆದರೆ ಅಲ್ಲಿ ಎರಡು ನಿಮಿಷ ಬಳಸಿ ಇಂಗ್ಲಿಷಿಗೆ ದಾಟುತ್ತಾರೆ, ಇಲ್ಲಿ ಪೂರ್ತಿ ಪಿರಿಯಡ್ ಅದರಲ್ಲೇ ಮುಗಿಯುತ್ತದೆ.

ಸಮಯದ ಲೆಕ್ಕವನ್ನೂ ನೋಡಿ. 35 ನಿಮಿಷದ ಪಿರಿಯಡ್, 40 ಮಕ್ಕಳು. ಶಿಕ್ಷಕರೇ 25 ನಿಮಿಷ ಮಾತಾಡಿದರೆ ಉಳಿದದ್ದು 10. ಒಬ್ಬೊಬ್ಬರನ್ನೇ ಎಬ್ಬಿಸಿ ಮಾತಾಡಿಸಿದರೆ ತಲೆಗೆ 15 ಸೆಕೆಂಡು. ಅದೇ 10 ನಿಮಿಷ ಇಬ್ಬಿಬ್ಬರನ್ನು ಜೋಡಿ ಮಾಡಿ ಪರಸ್ಪರ ಮಾತಾಡಲು ಬಿಟ್ಟರೆ ಪ್ರತಿ ಮಗುವಿಗೆ 5 ನಿಮಿಷ. ತರಗತಿಯಲ್ಲಿ ಗದ್ದಲವಾಗುತ್ತದೆ, ಹೆಡ್‌ಮಾಸ್ತರರು ಬಾಗಿಲಲ್ಲಿ ಇಣುಕುತ್ತಾರೆ, ಆದರೂ ಲಾಭ ಇಪ್ಪತ್ತು ಪಟ್ಟು. ಶಿಕ್ಷಕರು ಲಂಡನ್ನಿನವರೋ ಲಾತೂರಿನವರೋ ಎಂಬುದರಿಂದ ಈ ಲೆಕ್ಕ ಬದಲಾಗುವುದಿಲ್ಲ.

ಟಿಇಟಿ ಇದನ್ನು ಸರಿಪಡಿಸುತ್ತದೆಯೇ? ಅದು 150 ಅಂಕದ, ಎರಡೂವರೆ ಗಂಟೆಯ, ಉತ್ತರ ಆರಿಸಿ ಗುರುತು ಹಾಕುವ ಪರೀಕ್ಷೆ. ಭಾಷೆಗಳಿಗೆ ತಲಾ 30 ಅಂಕ. ಶಿಕ್ಷಕರು ಬಾಯಿ ಬಿಟ್ಟು ಒಂದು ವಾಕ್ಯ ಆಡುವುದನ್ನೂ ಅದು ಕೇಳಿಸಿಕೊಳ್ಳುವುದಿಲ್ಲ. ತೀರ್ಪಿನ ಪ್ರಕಾರ ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದವರು ಎರಡು ವರ್ಷದೊಳಗೆ ಪಾಸಾಗಬೇಕು. ಅಷ್ಟು ಸೇವೆ ಉಳಿಯದವರು ಕೆಲಸದಲ್ಲಿ ಮುಂದುವರಿಯಬಹುದು, ಬಡ್ತಿ ಬೇಕೆಂದರೆ ಮಾತ್ರ ಪರೀಕ್ಷೆ. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಇದು ಅನ್ವಯಿಸುತ್ತದೆಯೇ ಎಂಬ ಪ್ರಶ್ನೆಯನ್ನು ಆ ತೀರ್ಪು ದೊಡ್ಡ ಪೀಠಕ್ಕೆ ಒಪ್ಪಿಸಿತು. ಭಾಷಾ ಅಲ್ಪಸಂಖ್ಯಾತರ ಮಾನ್ಯತೆಯಲ್ಲಿ ನಡೆಯುವ ಕನ್ನಡ ಸಂಸ್ಥೆಗಳ ಶಾಲೆಗಳಿಗೆ ತಟ್ಟುವ ಪ್ರಶ್ನೆ ಅದೇ. ಟಿಇಟಿ ಬೇಡ ಎಂದಲ್ಲ, ಆದರೆ ಮಾತಿನ ಇಂಗ್ಲಿಷ್ ಸುಧಾರಿಸಲು ಅದನ್ನು ನೆಚ್ಚಿ ಕೂರುವಂತಿಲ್ಲ.

ದುಡ್ಡಿನ ಲೆಕ್ಕ

ವಿದೇಶಿ ಶಿಕ್ಷಕರನ್ನು ತಂದರೆ ಶಾಲೆಗೆ ಏನು ಬೀಳುತ್ತದೆ? ಭಾರತದ ಉದ್ಯೋಗ ವೀಸಾಕ್ಕೆ ಸಂಬಳದ ಕನಿಷ್ಠ ಮಿತಿಯಿದೆ. ಸಾಮಾನ್ಯ ನಿಯಮ ವರ್ಷಕ್ಕೆ 16.25 ಲಕ್ಷ ರೂಪಾಯಿ, ತಿಂಗಳಿಗೆ ಸುಮಾರು 1.35 ಲಕ್ಷ. ಕೆಲವರಿಗೆ ರಿಯಾಯಿತಿ ಇದೆ: ಆಯಾ ದೇಶದ ಅಡುಗೆ ಮಾಡುವ ಬಾಣಸಿಗರು, ಅನುವಾದಕರು, ಭಾಷಾ ಶಿಕ್ಷಕರು. ಆದರೆ ‘ಇಂಗ್ಲಿಷ್ ಶಿಕ್ಷಕರನ್ನು ಬಿಟ್ಟು’ ಎಂದು ನಿಯಮದಲ್ಲೇ ಇದೆ. ಎಂದರೆ ಪುಣೆಯಲ್ಲಿ ಜರ್ಮನ್ ಕಲಿಸಲು ಬಂದವರಿಗೆ ಈ ಮಿತಿ ಇಲ್ಲ, ಇಂಗ್ಲಿಷ್ ಕಲಿಸಲು ಬಂದವರಿಗೆ ಇದೆ. ಇಂಗ್ಲಿಷ್ ಕಲಿಸುವವರು ನಮ್ಮಲ್ಲೇ ಇದ್ದಾರೆ ಎಂಬ ನಿಲುವು ಇದರಲ್ಲಿ ಎದ್ದು ಕಾಣುತ್ತದೆ.

ಆದ್ದರಿಂದ ಫೀಸು ಸಾಧಾರಣವಾಗಿರುವ ಶಾಲೆಯೊಂದು ‘ನೇಟಿವ್’ ಎಂದು ಬೋರ್ಡು ಹಾಕಿದರೆ ಕಾರಣ ಮೂರರಲ್ಲಿ ಒಂದಿರಬಹುದು. ಪಾಠ ಆನ್‌ಲೈನಿನಲ್ಲಿ ನಡೆಯುತ್ತಿರಬೇಕು. ಆಡಳಿತದವರ ಪರಿಚಯದ ಯಾರೋ ಇಲ್ಲೇ ನೆಲೆಸಿದ್ದು ವಾರಕ್ಕೊಮ್ಮೆ ಬಂದು ಹೋಗುತ್ತಿರಬೇಕು. ಇಲ್ಲವೇ ಪ್ರವಾಸಿ ವೀಸಾದಲ್ಲಿ ಬಂದವರನ್ನು ತರಗತಿಗೆ ನಿಲ್ಲಿಸಿರಬೇಕು. ಮೂರನೆಯದು ಕಾನೂನುಬಾಹಿರ, ಸಿಕ್ಕಿಬಿದ್ದರೆ ವರ್ಷದ ನಡುವೆ ಶಿಕ್ಷಕರು ಮಾಯವಾಗುತ್ತಾರೆ. ಆನ್‌ಲೈನ್ ವ್ಯವಸ್ಥೆಯೂ ಒಂದು ಸರ್ಕಾರಿ ಆದೇಶದಷ್ಟೇ ಗಟ್ಟಿ: ಚೀನಾ 2021ರಲ್ಲಿ ವಿದೇಶದಲ್ಲಿ ಕುಳಿತವರಿಂದ ಮಕ್ಕಳಿಗೆ ಟ್ಯೂಷನ್ ಹೇಳಿಸುವುದನ್ನು ನಿಲ್ಲಿಸಿದಾಗ ಆ ಉದ್ಯಮವೇ ಕುಸಿಯಿತು.

ಜಪಾನಿನ ಪದ್ಧತಿ ಇದಕ್ಕಿಂತ ವಿವೇಕದ್ದು. 1987ರಿಂದ ನಡೆಯುತ್ತಿರುವ ಜೆಟ್ ಯೋಜನೆಯಲ್ಲಿ ಹೊರಗಿಂದ ಬಂದವರು ಸಹಾಯಕ ಶಿಕ್ಷಕರು. ತರಗತಿಯ ಹೊಣೆ ಜಪಾನೀ ಶಿಕ್ಷಕರದ್ದೇ. ಒಬ್ಬರು ವಿವರಿಸುತ್ತಾರೆ, ಇನ್ನೊಬ್ಬರೊಡನೆ ಮಕ್ಕಳು ಮಾತಾಡುತ್ತಾರೆ. ನಮ್ಮಲ್ಲಿ ವಿದೇಶಿಯರೇ ಬೇಕೆಂದಿಲ್ಲ. ಬಾಂದ್ರಾದಲ್ಲೋ ಮಡಗಾಂವಿನಲ್ಲೋ ಇಂಗ್ಲಿಷ್ ಮನೆಮಾತಾಗಿರುವ ನಿವೃತ್ತ ಶಿಕ್ಷಕಿಯೊಬ್ಬರನ್ನು ವಾರಕ್ಕೆ ಎರಡು ಪಿರಿಯಡ್ ಕರೆಸಿದರೂ ಅದೇ ಕೆಲಸ ಆಗುತ್ತದೆ. ಅದಕ್ಕೆ ಬೋರ್ಡು ಬರುವುದಿಲ್ಲ, ಅಷ್ಟೇ.

ಪ್ರವೇಶಕ್ಕೆ ಮುಂಚೆ

ವಿದೇಶಿ ಕ್ಯಾಂಪಸ್ಸುಗಳು ಬಂದಂತೆ ಈ ಜಾಹೀರಾತು ಕಡಿಮೆಯಾಗುವ ಸಂಭವವಿಲ್ಲ, ಹೆಚ್ಚಾಗಬಹುದು. ಫೀಸು ಕಟ್ಟುವ ಮುಂಚೆ ಕೇಳಬಹುದಾದ ನೇರ ಪ್ರಶ್ನೆಗಳಿವೆ. ನೇಟಿವ್ ಎನ್ನುವವರು ವಾರಕ್ಕೆ ಎಷ್ಟು ಪಿರಿಯಡ್, ಯಾವ ತರಗತಿಗೆ? ಅವರ ಬೋಧನಾ ತರಬೇತಿ ಏನು? ಇಂಗ್ಲಿಷ್ ಬೋಧಕರು ಮಾಡುವ ‘ಸೆಲ್ಟಾ’ ಎಂಬ ಕೋರ್ಸು ಎಂದರೆ 120 ಗಂಟೆಯ ತರಬೇತಿ, ಅದರಲ್ಲಿ 6 ಗಂಟೆ ಪಾಠ ಮಾಡಿ ತೋರಿಸಬೇಕು. ಕೆಟ್ಟದ್ದಲ್ಲ, ಆದರೆ ಅದು ದೊಡ್ಡವರಿಗೆ ಕಲಿಸುವ ತರಬೇತಿ. ನಮ್ಮ ಬಿ.ಎಡ್. ಎರಡು ವರ್ಷದ್ದು. ಅದನ್ನು ಮಾಡಿದವರ ಡೆಮೊ ಪಾಠದಲ್ಲಿ ಬೇರೆಯದನ್ನು ನೋಡಬೇಕು: ಪುಸ್ತಕ ಮುಚ್ಚಿದ ಮೇಲೂ ಇಂಗ್ಲಿಷಿನಲ್ಲಿ ಮಾತು ಮುಂದುವರಿಸುತ್ತಾರೆಯೇ, ಮಗು ತಪ್ಪಿದಾಗ ಉತ್ತರ ಹೇಳಿಕೊಡುತ್ತಾರೋ, ಯಾಕೆ ತಪ್ಪಾಯಿತೆಂದು ತೋರಿಸುತ್ತಾರೋ.

ಸಾಧ್ಯವಾದರೆ ಅಲ್ಲೇ ಓದುವ ಮಗುವೊಂದರ ಮೂರು ತಿಂಗಳ ಹಿಂದಿನ ಇಂಗ್ಲಿಷ್ ನೋಟ್‌ಬುಕ್ ನೋಡಿ. ಎಲ್ಲ ಮಕ್ಕಳದ್ದೂ ಒಂದೇ ಉತ್ತರ, ಕೆಳಗೆ ಒಂದೇ ಕೆಂಪು ಟಿಕ್ ಇದ್ದರೆ ಅದು ಬೋರ್ಡಿನಿಂದ ಇಳಿಸಿದ್ದು. ಸಾಲುಗಳು ಸೊಟ್ಟಗಿದ್ದು, ‘ದ’ ಬಿಟ್ಟುಹೋದ ಕಡೆ ಪೆನ್ಸಿಲಿನಿಂದ ಸುತ್ತು ಹಾಕಿ, ಮಗುವೇ ಪಕ್ಕದಲ್ಲಿ ತಿದ್ದಿ ಬರೆದಿದ್ದರೆ, ಆ ತರಗತಿಯಲ್ಲಿ ಯಾರೋ ಇಂಗ್ಲಿಷ್ ಕಲಿಸುತ್ತಿದ್ದಾರೆ.